ಯಾರ ಮನೆಯ ಎಣ್ಣೆ

ಆ ಬೆಳಗ್ಗೆ ಗಾಳಿ ಬಿದ್ದುಹೋಗಿತ್ತು. ಒಲೆಯ ಹೊಗೆ ಬೆಳಕಿಂಡಿಯಿಂದ ಹೊರಗೆ ಬಂದು, ಮೇಲಕ್ಕೆ ಹೋಗಲಾರದೆ, ಓಣಿಯ ತುಂಬ ಹಾಸಿಕೊಂಡು ಮಲಗಿತ್ತು. ಆಕಾಶ ಮೋಡವೂ ಅಲ್ಲ, ಬಿಸಿಲೂ ಅಲ್ಲ. ಕಾಸಿ ಆರಲಿಟ್ಟ ಹಾಲಿನ ಕೆನೆಯಂತೆ ಸುಮ್ಮನೆ ಕಟ್ಟಿಕೊಂಡಿತ್ತು. ಬೇವಿನ ಮರದಲ್ಲಿ ಒಂದೆಲೆ ಅಲುಗುತ್ತಿರಲಿಲ್ಲ. ಇಂಥ ಹವೆ ಬಂದಾಗ ನಮ್ಮೂರಿನವರು ಗಟ್ಟಿಯಾಗಿ ಮಾತಾಡುವುದಿಲ್ಲ. ನೆಲ ಕೇಳಿಸಿಕೊಳ್ಳುತ್ತದೆ ಎನ್ನುತ್ತಾರೆ.

ನಾನು ದೇವರಮನೆ ಸಾರಿಸಲು ಕೂತಿದ್ದೆ. ಸಗಣಿಯ ಕೈ ದೀಪದ ಗೂಡಿನ ಕೆಳಗೆ ಬರುತ್ತಲೇ ಜಾರಿತು. ಬಗ್ಗಿ ನೋಡಿದರೆ ನೆಲದಲ್ಲಿ ತೊಗರಿಬೇಳೆಯಷ್ಟಗಲ ಏನೋ ಕಪ್ಪಗೆ ಹೊಳೆಯುತ್ತಿತ್ತು. ಒರೆಸಿದೆ. ನೋಡುತ್ತಿದ್ದಂತೆ ಮತ್ತೆ ಅಷ್ಟೇ ಅಗಲಕ್ಕೆ ಬಂದು ನಿಂತಿತು, ಕೆಳಗಿನಿಂದ ಯಾರೋ ಕಣ್ಣು ತೆರೆದ ಹಾಗೆ. ಮೊರವನ್ನು ಎಳೆದು ಅದರ ಮೇಲೆ ಬೋರಲು ಹಾಕಿದೆ.

ಅಷ್ಟರಲ್ಲಿ ನಮ್ಮತ್ತೆ ಬಂಗಾರೆವ್ವ ಮಡಿಸೀರೆಯಲ್ಲಿ, ದೀಪಕ್ಕೆ ಎಣ್ಣೆ ಹಾಕುವ ಹುಟ್ಟು ಹಿಡಿದು ಒಳಗೆ ಬಂದರು.

“ಮೊರದ ಕೆಳಗೇನ ಐತಿ ಸಾವಂತ್ರಿ?”

“ಏನಿಲ್ರಿ ಅತ್ತಿ. ನೀರ ಚೆಲ್ಲೇನಿ.”

“ನೀರ ಚೆಲ್ಲಿದ್ರ ಮಾರಿ ಯಾಕ ಹಂಗ ಬೆಳ್ಳಗಾಗೈತಿ?” ಎನ್ನುತ್ತ ಕಾಲಿನಿಂದ ಮೊರ ಸರಿಸಿದರು. ಬಹಳ ಹೊತ್ತು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: “ಯಾರ ಮನೀದಿದು?”

ನಮ್ಮೂರಿನ ಪ್ರತಿ ಮನೆಯ ಹಿತ್ತಲಲ್ಲೂ ಒಂದು ಎಣ್ಣೆಯ ಒರತೆ ಇದೆ. ಆ ಮನೆಯ ದೀಪಕ್ಕೆ ಆ ಮನೆಯದೇ ಎಣ್ಣೆ. ಇನ್ನೊಬ್ಬರದನ್ನು ಯಾರೂ ಮುಟ್ಟುವುದಿಲ್ಲ. ಹಿತ್ತಲಲ್ಲಿದ್ದಷ್ಟು ಹೊತ್ತು ಅದು ತಾಯಿ. ಹೊಸ್ತಿಲ ಒಳಗೆ, ನೆಲ ಒಡೆದು ಎದ್ದರೆ, ಅದು ಬೇರೆ ಮನೆಯ ಎಣ್ಣೆ. ತನ್ನ ಮನೆಯದೊಂದು ವಸ್ತು ಇಲ್ಲಿ ಉಳಿದಿದೆ ಎಂದು ಹುಡುಕಿಕೊಂಡು ಬಂದದ್ದು. ಮನಸಾರೆ ಕೊಟ್ಟದ್ದನ್ನು ಅದು ಹುಡುಕುವುದಿಲ್ಲ. ಕೊಟ್ಟರೆ ಇಂಗಿಹೋಗುತ್ತದೆ. ಕೊಡದಿದ್ದರೆ ನೆಲ ಮೆತ್ತಗಾಗುತ್ತದೆ. ಕೆಳಗಿನ ಓಣಿಗೆ ಹೋದರೆ ಕಾಣಿಸುತ್ತದೆ: ಅಲ್ಲಲ್ಲಿ ಮಣ್ಣಿನಿಂದ ಮೊಳದೆತ್ತರ ಮಾಳಿಗೆಯ ಅಂಚು, ಒಂದು ಕಡೆ ಬರೀ ಬೆಳಕಿಂಡಿಯ ಬಾಯಿ. ಅದರ ಮೇಲೆ ಯಾರೂ ಕಾಲಿಡುವುದಿಲ್ಲ, ಮಕ್ಕಳು ಆ ಕಿಂಡಿಯೊಳಗೆ ಕಲ್ಲು ಹಾಕುವುದಿಲ್ಲ. ಅಲ್ಲಿದ್ದವರು ಕೆಟ್ಟವರೇನಲ್ಲ. ಕೊಡಬೇಕಾದ್ದು ಏನೆಂದು ಅವರಿಗೆ ತಿಳಿಯಲಿಲ್ಲ, ಅಷ್ಟೆ.

ನನ್ನ ಗಂಡ ರಾಚಪ್ಪ ಬಡಿಗತನದವನು. ಕೆಲಸ ಬಿಟ್ಟು ಓಡಿಬಂದ. ಅವತ್ತು ನಾವು ಮೂವರೂ ಸೇರಿ ಮನೆ ಜಾಲಾಡಿದೆವು. ಅಟ್ಟದ ಮೇಲಿದ್ದ ಯಾರದೋ ಒನಕೆ, ದನದ ಹಗ್ಗ, ನಮ್ಮ ಕೋಳಿಗಳ ಜೊತೆ ಬೆಳೆದಿದ್ದ ಒಂದು ಪರಕೀಯ ಹುಂಜ, ಎಲ್ಲವನ್ನೂ ಹೊತ್ತು ಮನೆಮನೆಗೆ ಮುಟ್ಟಿಸಿದೆವು. ಪಕ್ಕದ ಕಲ್ಲವ್ವನಿಗೆ ಜರಡಿ ಕೊಟ್ಟಾಗ ಆಕೆ ಹಣೆ ಬಡಿದುಕೊಂಡಳು.

“ಅಯ್ಯ, ಈ ಜರಡಿ ನಿಮ್ಮಲ್ಲಿತ್ತೇನ? ಇದರ ಸಲುವಾಗಿ ಬೈದು ಬೈದು ಸೊಸೀನ ತೌರಿಗೆ ಅಟ್ಟೇನಲ್ಲ ನಾನು!”

“ಹಂಗಾದ್ರ ಸೊಸೀನೂ ತಿರುಗಿ ತಂದುಕೋ, ಇಲ್ಲಂದ್ರ ನಿನ್ನ ಅಡಿಗಿಮನ್ಯಾಗ ಬೀಗರ ಎಣ್ಣಿ ಏಳ್ತೈತಿ,” ಎಂದ ರಾಚಪ್ಪ. ನಗಿಸಲು ಆಡಿದ ಮಾತು. ಕಲ್ಲವ್ವ ನಗಲಿಲ್ಲ, ಅಂದೇ ಗಾಡಿ ಕಟ್ಟಿಸಿದಳು.

ನಾವು ತಿರುಗಿ ಮನೆಗೆ ಬಂದಾಗ ಬೇಳೆಯಷ್ಟಿದ್ದದ್ದು ತಟ್ಟೆಯಷ್ಟಾಗಿತ್ತು.

ಹಿಂದೆ ಇಂಥದಕ್ಕೆಲ್ಲ ಗದಿಗೆಪ್ಪಜ್ಜ ಇದ್ದ. ಊರ ನಡುವಿನ ಕಟ್ಟೆಯ ಮೇಲೆ ಕೂತು, ನೆಲದ ಎಣ್ಣೆಯಲ್ಲಿ ಅದ್ದಿದ ಬತ್ತಿಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ‘ಇದು ಇಂಥವರ ಹಿತ್ತಲದು’ ಎಂದು ಹೇಳಿದರೆ ಮುಗಿಯಿತು, ದೇವರ ಮಾತು. ಅವನು ತೀರಿಕೊಂಡ ಮೇಲೆ ಊರಿಗೆ ಮೂಗಿಲ್ಲದಂತಾಗಿ, ಹಿರಿಯರು ದೂರದಿಂದ ಇಂದುಮತಿ ಎಂಬ ರಸಾಯನದವಳನ್ನು ಕರೆಸಿ, ಅದೇ ಕಟ್ಟೆಯ ಹಿಂದಿನ ಕೋಣೆಯಲ್ಲಿ ಯಂತ್ರ ಇಡಿಸಿದ್ದರು. ಮಾತು ಸ್ವಲ್ಪ ಪುಸ್ತಕದ್ದು. ಕೊನೆಗೊಂದು ‘ರಿ’ ಹಚ್ಚಿ ನಮ್ಮವಳಾಗಲು ನೋಡುತ್ತಿದ್ದಳು. ನಾವು ಅಕ್ಕೋರು ಎನ್ನುತ್ತಿದ್ದೆವು.

ಅಕ್ಕೋರು ಬಂದು ಗಾಜಿನ ನಳಿಕೆಯಲ್ಲಿ ನೆಲದ ಎಣ್ಣೆಯನ್ನು ಎಳೆದುಕೊಂಡರು. ಎದ್ದು ನಿಂತವರು ಗೂಡಿನ ದೀಪ ನೋಡಿ ಹಾಗೆಯೇ ನಿಂತುಬಿಟ್ಟರು. ಹಳದಿ ಕುಡಿಯ ಸುತ್ತ ತೆಳ್ಳಗೆ ಒಂದು ನೀಲಿ ಮುಸುಕು ಎದ್ದಿತ್ತು. ನಾನು ಅದನ್ನು ಬೆಳಗ್ಗೆಯೇ ಕಂಡಿದ್ದೆ. ದೇವಿಯ ಕಳೆ ಎಂದುಕೊಂಡು ಕೈಮುಗಿದಿದ್ದೆ.

“ಅವ್ವಾರ, ಈ ಎಣ್ಣೆಯಿಂದ ಹಬೆ ಏಳುತ್ತದೆ ರಿ. ಕಣ್ಣಿಗೆ ಕಾಣುವುದಿಲ್ಲ. ಗಾಳಿ ಇದ್ದರೆ ಹಾರಿಹೋಗುತ್ತಿತ್ತು, ಈಗ ಇಲ್ಲೇ ತುಂಬಿಕೊಳ್ಳುತ್ತಿದೆ. ಹಬೆ ಹೆಚ್ಚಾದ ಹಾಗೆ ಈ ನೀಲಿ ಎತ್ತರವಾಗುತ್ತದೆ. ಒಂದು ಮಟ್ಟ ದಾಟಿದರೆ ಮನೆಯೆಲ್ಲ ಒಮ್ಮೆಲೇ ಹತ್ತಿಕೊಳ್ಳುತ್ತದೆ. ದೀಪ ಆರಿಸಿಬಿಡಿ.”

ಹೊರಗೆ ನೆರೆದಿದ್ದವರೆಲ್ಲ ಉಸಿರು ಹಿಡಿದರು. ತೊಟ್ಟಿಲ ಕೂಸಿನ ಕತ್ತು ಹಿಸುಕು ಎಂದ ಹಾಗಿತ್ತು ಆ ಮಾತು.

ಅತ್ತೆ ಸೆರಗು ಬಿಗಿದರು. “ತಂಗೀ, ಮೊದಲ ನನ್ನ ಆರಿಸು. ಆಮ್ಯಾಲೆ ಅದನ್ನ ಆರಿಸುವಂತಿ.”

ಆ ದೀಪದ ಕತೆ ಊರಿಗೆಲ್ಲ ಗೊತ್ತು. ಅತ್ತೆ ಮದುವೆಯಾಗಿ ಬಂದ ವರ್ಷ ಕೆಳಗಿನ ಓಣಿಯ ಮಾಳವ್ವನ ಮನೆಯಲ್ಲಿ ನೆಲದೆಣ್ಣೆ ಎದ್ದಿತ್ತು. ಗದಿಗೆಪ್ಪಜ್ಜ ಮೂಸಿ, ಇದು ಮೇಲಿನ ಓಣಿಯವರ ಎಣ್ಣೆ ಎಂದು ನಮ್ಮ ಮನೆಯ ಹೆಸರು ಹೇಳಿದ. ನಮ್ಮದೇನು ಅವರಲ್ಲಿದೆ ಎಂದು ಅವರಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ತಿಳಿಯದಾಗ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಕೊಡಬೇಕೆಂಬುದು ಪದ್ಧತಿ. ಅವರು ತಲೆಮಾರುಗಳಿಂದ ಆರದಿದ್ದ ನಂದಾದೀಪವನ್ನೇ ಹೊತ್ತು ತಂದು ನಮ್ಮ ಗೂಡಿನಲ್ಲಿಟ್ಟರು. ಒಂದು ಗೂಡಿಗೆ ಒಂದೇ ಬೆಳಕು. ನಮ್ಮ ದೀಪದ ಕುಡಿಯನ್ನು ಅದರ ಕುಡಿಗೆ ಕೂಡಿಸಿ, ನಮ್ಮ ಪಣತಿಯನ್ನು ಹೊಳೆಗೆ ಬಿಟ್ಟೆವು. ಅಷ್ಟಾದರೂ ಮಾಳವ್ವನ ಮನೆಯ ಪಡಸಾಲೆ ಕುಸಿದು ಒಳಗೆ ಹೋಯಿತು. ಮನಸ್ಸಿಲ್ಲದೆ ಕೊಟ್ಟರು, ಅದಕ್ಕೇ ಹೀಗಾಯಿತು ಎಂದು ಊರು ಆಡಿಕೊಂಡಿತು. ಕೊಟ್ಟ ಗೂಡಿನಲ್ಲಿ ಬೇರೆ ದೀಪ ಹಚ್ಚುವಂತಿಲ್ಲ. ಅಂದಿನಿಂದ ಮಾಳವ್ವ ಹೊತ್ತಿದ್ದಂತೆಯೇ ಉಂಡು, ಕತ್ತಲಾದರೆ ಮಲಗುತ್ತಾಳೆ. ಕತ್ತಲ ಮಾಳವ್ವ ಎಂದೇ ಅವಳ ಹೆಸರು.

ನಂದಾದೀಪ ಹೊಸ್ತಿಲು ದಾಟಬೇಕಾದರೆ ಒಂದು ಗೂಡಿನಿಂದ ಇನ್ನೊಂದು ಗೂಡಿಗೇ ದಾಟಬೇಕು. ಬಯಲಿಗೆ ತಂದು ಇಡುವಂತಿಲ್ಲ. ಆರಿಸುವಂತಿಲ್ಲ, ತೆಗೆಯುವಂತಿಲ್ಲ. ಅತ್ತೆ ಗೂಡಿನ ಮುಂದೆ ಕೂತರು.

ಅಕ್ಕೋರು ಪ್ರತಿ ಹಿತ್ತಲಿಗೂ ಹೋಗಿ ಎಣ್ಣೆ ತುಂಬಿಕೊಂಡರು. ಮೊದಲು ಕೆಲವರು ‘ನಮ್ಮ ಎಣ್ಣಿ ಯಾಕ ಕೊಡೂನು’ ಎಂದು ಬಾಗಿಲು ಮುಂದೆ ಮಾಡಿಕೊಂಡರು. ಕೊಡದವರ ಮನೆಯದೇ ಇರಬೇಕು ಎಂದು ಗುಸುಗುಸು ಎದ್ದದ್ದೇ ತಡ, ತಂಬಿಗೆ ತುಂಬ ತಂದು ಕೊಟ್ಟರು. ಮಾಳವ್ವ ಮಾತ್ರ ಎಣ್ಣೆಯ ಜೊತೆಗೆ ಕುಸಿದ ಪಡಸಾಲೆಯಿಂದ, ಹಳೆಯ ನೆಲದೆಣ್ಣೆ ಕುಡಿದು ಕಲ್ಲಿನಂತಾಗಿದ್ದ ಒಂದು ಕರಿಹೆಂಟೆಯನ್ನೂ ಎತ್ತಿ ಕೊಟ್ಟಳಂತೆ. “ಇದನ್ನೂ ನೋಡವಾ. ನಮ್ಮ ಮನಿ ನುಂಗಿದ್ದು ಯಾರಂತ ಸಾಯೂದ್ರಾಗ ತಿಳಕೋತೀನಿ,” ಎಂದಿದ್ದಳಂತೆ.

ಯಂತ್ರ ತನ್ನ ಹೊತ್ತು ತೆಗೆದುಕೊಂಡಿತು. ನೆಲ ಕಾಯಲಿಲ್ಲ. ದೇವರಮನೆಯ ನೆಲ ದಿನದಿನಕ್ಕೂ ಇಳಿಯಿತು. ನಡೆದರೆ ಹಿಟ್ಟಿನ ಮೇಲೆ ನಡೆದಂತೆ ಅಂಗಾಲು ಹೂತುಹೋಗುತ್ತಿತ್ತು. ರಾಚಪ್ಪ ಗುಂಡು ಕಟ್ಟಿದ ದಾರವನ್ನು ಚೌಕಟ್ಟಿಗೆ ಇಳಿಬಿಟ್ಟು ನೋಡಿ, ಅದು ವಾಲಿದ್ದು ಕಂಡು, ದಾರ ಸುತ್ತಿ ಜೇಬಿಗೆ ಹಾಕಿಕೊಂಡ. ಒಲೆ ಹಚ್ಚುವುದನ್ನು ನಿಲ್ಲಿಸಿದೆವು. ಮೊಸರಿನಲ್ಲೂ ಎಣ್ಣೆಯ ಸಿಹಿವಾಸನೆ. ಕಲ್ಲವ್ವ ರೊಟ್ಟಿ ಕೊಡುತ್ತಿದ್ದಳು, ಅವಳ ಕಟ್ಟೆಯ ಮೇಲೆಯೇ ಕೂತು ತಿಂದು ಕೈತೊಳೆದು ಬರುತ್ತಿದ್ದೆವು. ಇನ್ನೊಬ್ಬರ ಮನೆಯದು ಚೂರೂ ನಮ್ಮ ಹೊಸ್ತಿಲ ಒಳಗೆ ಬರಬಾರದಿತ್ತು. ಅತ್ತೆ ಅದನ್ನೂ ಒಲ್ಲೆ ಎಂದರು. ನಾನು ಬಾಗಿಲಲ್ಲಿ ಇಣುಕಿದಾಗಲೆಲ್ಲ ಅವರ ಕಣ್ಣು ದೀಪದ ಮೇಲೆ, ನನ್ನ ಕಣ್ಣು ಆ ನೀಲಿಯ ಮೇಲೆ. ಅದು ಎತ್ತರವಾಗುತ್ತಿತ್ತು. ಗಾಳಿ ಮಾತ್ರ ಬರಲಿಲ್ಲ. ದೇವರೇ ಉಸಿರು ಬಿಗಿಹಿಡಿದಿದ್ದಾನೇನೋ ಎನ್ನಿಸುತ್ತಿತ್ತು.

ಕೊನೆಗೊಂದು ಮಧ್ಯಾಹ್ನ ಕಟ್ಟೆಯಿಂದ ಕರೆ ಬಂತು. ರಾಚಪ್ಪ, ನಾನು ಹೋದೆವು. ಮಾಳವ್ವ ಆಗಲೇ ಬಂದು ಕಂಬಕ್ಕೆ ಒರಗಿ ಕೂತಿದ್ದಳು. ಅಕ್ಕೋರು ಕಟ್ಟೆಯ ಮೇಲೆ ಹಾಳೆಗಳನ್ನು ಹಾಸಿದರು. ಒಂದೊಂದರ ಮೇಲೂ ಗುಡ್ಡದ ಸಾಲಿನ ಹಾಗೆ ಏರಿಳಿಯುವ ಗೆರೆ.

“ಎಣ್ಣೆ ಎಂದರೆ ಒಂದೇ ವಸ್ತು ಅಲ್ಲ ರಿ, ನೂರಾರು ಕೂಡಿಕೊಂಡದ್ದು. ಯಂತ್ರ ಅದನ್ನು ಕೂದಲಂಥ ಉದ್ದ ನಳಿಕೆಯಲ್ಲಿ ಓಡಿಸುತ್ತದೆ. ಹಗುರಾದವು ಮುಂದೆ, ಭಾರದವು ಹಿಂದೆ. ಒಂದೊಂದು ಬಂದಾಗ ಒಂದೊಂದು ಗುಡ್ಡ ಏಳುತ್ತದೆ. ಇದು ನಿಮ್ಮ ದೇವರಮನೆಯ ಎಣ್ಣೆ. ಇದು ಮಾಳವ್ವನವರ ಹಿತ್ತಲದು.”

ರಾಚಪ್ಪ ಎರಡನ್ನೂ ಹತ್ತಿರ ಎಳೆದುಕೊಂಡ. ಮರದ ಎಳೆ ನೋಡಿ ಹಲಗೆ ಹಲಗೆ ಕೂಡಿಸುವ ಕಣ್ಣು ಅವನದು. ಅವನ ಬೆರಳು ಗೆರೆಯ ಮೇಲೆ ಹೋಗಿ, ಪಕ್ಕದ ಗೆರೆಯ ಮೇಲೆ ಬಂದು, ನಿಂತಿತು. “ಒಂದ ಅದಾವಲ್ರಿ,” ಎಂದ.

“ಒಂದೇ. ಇನ್ನು ಇದು, ಆ ಕರಿಹೆಂಟೆಯದು.”

ಆ ಹಾಳೆಯಲ್ಲಿ ಮುಂದಿನ ಗುಡ್ಡಗಳೇ ಇರಲಿಲ್ಲ. ಬಯಲು. ಹಿಂದಿನ ಸಾಲು ಮಾತ್ರ ನಿಂತಿತ್ತು.

“ನೆಲದಲ್ಲಿ ಬಹಳ ಕಾಲ ಕೂತ ಎಣ್ಣೆಯಲ್ಲಿ ಹಗುರಾದದ್ದನ್ನು ಗಾಳಿ ಎತ್ತಿಕೊಂಡು ಹೋಗುತ್ತದೆ, ಮಣ್ಣಿನ ಸೂಕ್ಷ್ಮ ಹುಳ ತಿಂದುಹಾಕುತ್ತದೆ. ಆಗ ವಾಸನೆ ಬದಲಾಗುತ್ತದೆ ರಿ. ಹಿಂದಿನ ಭಾರದ ಸಾಲು ಮಾತ್ರ ಹುಟ್ಟಿದ ಹಾಗೆಯೇ ಉಳಿಯುತ್ತದೆ. ಅದನ್ನು ನೋಡಿ.” ಅವರು ಮೂರನೆಯ ಹಾಳೆಯನ್ನು ಎರಡನೆಯದರ ಮೇಲಿಟ್ಟು ಬೆಳಕಿಗೆ ಹಿಡಿದರು. ಹಿಂದಿನ ಗುಡ್ಡಗಳು ಒಂದರ ಮೇಲೊಂದು ಕೂತವು. “ಅಂದು ಮಾಳವ್ವನವರ ಮನೆಯೊಳಗೆ ಎದ್ದದ್ದು ಅವರದೇ ಹಿತ್ತಲ ಎಣ್ಣೆ. ಗೋಡೆಯ ಬುಡದಲ್ಲಿ ಹಾದಿ ಮಾಡಿಕೊಂಡು, ಬಹಳ ಕಾಲ ಮಣ್ಣಲ್ಲಿ ಹಳತಾಗಿ, ಆಮೇಲೆ ಒಳಗೆ ಬಂದಿದೆ. ಅಜ್ಜನವರ ಮೂಗು ಸುಳ್ಳು ಹೇಳಲಿಲ್ಲ. ಮೂಗಿಗೆ ಸಿಗುವುದು ಹಗುರಾದದ್ದು, ಅದೇ ಹೋಗಿಬಿಟ್ಟಿತ್ತು.”

ಮಾಳವ್ವ ಬೊಚ್ಚುಬಾಯಿ ತೆರೆದು ನಕ್ಕಳು.

“ನಮ್ಮ ಎಣ್ಣಿಗೆ ನಾವ ಹೆದರಿ ದೀಪಾ ಕೊಟ್ವೆನವಾ? ನಾವು ಯಾರಿಗೂ ಏನೂ ಕೊಡೂದಿದ್ದಿಲ್ಲ?”

“ಇರಲಿಲ್ಲ ರಿ.”

ಮಾಳವ್ವ ನನ್ನ ಕಡೆ ನೋಡಿದಳು. ದೀಪ ತಿರುಗಿ ಕೇಳುತ್ತಾಳೆ ಎಂದುಕೊಂಡೆ. ಕೇಳಿದ್ದರೆ ಸುಲಭವಿತ್ತು.

“ನಾ ಏನೂ ಕೇಳಂಗಿಲ್ಲ ನಮ್ಮವ್ವ. ನೆಲಾನ ಕೇಳೈತಲ್ಲ,” ಎಂದು ಮೊಣಕಾಲ ಮೇಲೆ ಕೈಯೂರಿ ಎದ್ದಳು. “ಹೊತ್ತು ಮುಣಗೂದ್ರಾಗ ಉಣಬೇಕು ನಾನು,” ಎಂದು ಹೊರಟೇಬಿಟ್ಟಳು.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಕಲ್ಲವ್ವ ಕಿಟಕಿಯಲ್ಲಿ ಕೂಗಿ ಹೇಳಿಬಿಟ್ಟಿದ್ದಳು. ಅತ್ತೆ ದೇವರಮನೆಯ ಬಾಗಿಲು ಹಾಕಿಕೊಂಡು ಒಳಗಿನಿಂದ ಅಗಳಿ ಜಡಿದಿದ್ದರು. ಬಾಗಿಲ ಬುಡದಿಂದ ಕರಿಎಣ್ಣೆ ನಾಲಿಗೆಯಂತೆ ಹೊರಗೆ ಬಂದಿತ್ತು. ನಮ್ಮ ಹಿಂದೆಯೇ ಬಂದಿದ್ದ ಅಕ್ಕೋರು ಹಲಗೆಯ ಬಿರುಕಿಗೆ ಕಣ್ಣಿಟ್ಟು ನೋಡಿ ಹಿಂದೆ ಸರಿದರು.

“ನೀಲಿ ಮುಸುಕು ದೀಪಕ್ಕಿಂತ ಎತ್ತರವಾಗಿದೆ.”

ರಾಚಪ್ಪ ಬಾಚಿ ಎತ್ತಿದ. ಅಕ್ಕೋರು ಅವನ ಮುಂಗೈ ಹಿಡಿದರು. “ಕಬ್ಬಿಣ ಮೊಳೆಗೆ ತಾಕಿ ಒಂದು ಕಿಡಿ ಹಾರಿದರೂ ಸಾಕು, ಓಣಿಯೇ ಹೋಗುತ್ತದೆ.”

ಬಾಗಿಲು ಒಡೆಯಲು ಎತ್ತಿದ ಕೈ ಗಾಳಿಯಲ್ಲಿ ನಿಂತಿತು. ಅವನು ಬಾಚಿಯನ್ನು ನೆಲಕ್ಕೆ ಹಾಕಲೂ ಹೆದರಿ, ಹೊರಗೆ ಒಯ್ದು, ಅಂಗಳದ ಮಣ್ಣಿನಲ್ಲಿ ಕೂಸನ್ನು ಮಲಗಿಸಿದ ಹಾಗೆ ಇಟ್ಟ. “ಯವ್ವಾ, ಬಾಗಲಾ ತಗಿ,” ಎಂದು ಅಲ್ಲಿಂದಲೇ ಅತ್ತ.

ನಾನು ಬಾಗಿಲಿಗೆ ಕೆನ್ನೆ ಹಚ್ಚಿದೆ.

“ಅತ್ತಿ, ನಾ ಸಾವಂತ್ರಿ.”

“ದೂರ ಹೋಗು ಸಾವಂತ್ರಿ. ನೀ ಇನ್ನಾ ಸಣ್ಣಾಕಿ.”

“ದೀಪಾ ಅವರದಂತ್ರಿ.”

“ಕೇಳೇನಿ.” ಆಮೇಲೆ ದನಿ ಬಾಗಿಲ ಹತ್ತಿರ ಬಂತು. “ಲಗ್ನಾಗಿ ಬಂದಾಗಿಂದ ಇದರ ಮುಂದ ಕುಂತು ಬೇಡೀನಿ. ರಾಚಪ್ಪಗ ಜ್ವರಾ ಬಂದಾಗ ಬೇಡೀನಿ. ನಿಮ್ಮ ಮಾವ ಹೋದಾಗ ಬೇಡೀನಿ. ಮಂದಿ ದೀಪದ ಮುಂದ ಬೇಡಿದ್ದು ದೇವರಿಗೆ ಮುಟ್ಟೇತೋ ಇಲ್ಲೋ? ಅದನ್ನ ಹೇಳು. ಆ ಯಂತ್ರ ಅದನ್ನೇನರ ಹೇಳ್ತೈತೇನ?”

ಅವರು ಹೆದರಿದ್ದು ಬೆಂಕಿಗಲ್ಲ ಎಂದು ನನಗೆ ಆಗ ತಿಳಿಯಿತು. ಬಾಯಿಗೆ ಬಂದದ್ದನ್ನು ಹೇಳಿದೆ.

“ಮುಟ್ಟೇತ್ರಿ. ಅದಕ್ಕ ನಿಮ್ಮ ಮಗ ಅಂಗಳದಾಗ ನಿಂತು ಅಳಾಕತ್ತಾನ. ಜ್ವರದಾಗ ಹೋಗಿದ್ರ ಯಾರ ಅಳತಿದ್ರು?”

ನಾನು ಅಂಗೈಯನ್ನೂ ಬಾಗಿಲಿಗೆ ಹಚ್ಚಿದೆ.

“ಮಾಳವ್ವಾರ ಬೆಳಕಿಲ್ಲದ ಗೂಡಿನ ಮುಂದ ಬೇಡ್ಯಾರ, ಅತ್ತಿ. ಈಗ ಉಣ್ಣಾಕ ಹೋದ್ರು, ಹೊತ್ತು ಮುಣಗತೈತಂತ.”

ಮರದ ಅಗಳಿ ಮೆಲ್ಲಗೆ ಸರಿಯಿತು.

“ಹಬೆ ಭಾರ, ಕೆಳಗೆ ಹಾಸಿಕೊಂಡಿರುತ್ತದೆ,” ಅಕ್ಕೋರು ಹಿಂದಿನಿಂದ ಪಿಸುಗುಟ್ಟಿದರು. “ದೀಪವನ್ನು ತಲೆಯ ಮೇಲೆ ಎತ್ತಿ ಹಿಡಿಯಲಿ. ಬಗ್ಗಬಾರದು. ಎಡವಬಾರದು.”

ದೇವರಮನೆಯ ಬಾಗಿಲು ಗಿಡ್ಡ; ಬಗ್ಗದೆ ದಾಟಬಾರದೆಂದೇ ಹಿರಿಯರು ಹಾಗೆ ಇಡಿಸಿದ್ದು. ನಾನು ಒಳಗೆ ಕಾಲಿಟ್ಟೆ. ಪಾದ ಕಣಕಾಲಿನವರೆಗೆ ಹೂತಿತು. ಅತ್ತೆ ಗೂಡಿನಿಂದ ದೀಪವನ್ನು ಎತ್ತಿ ತಲೆಯ ಮೇಲೆ ಹಿಡಿದು ನಿಂತಿದ್ದರು. ಕುಡಿ ನಡುಗುತ್ತಿರಲಿಲ್ಲ. ನಾನು ಹಿಂದಿನಿಂದ ಅವರ ಸೊಂಟ ಹಿಡಿದೆ. ಒಂದು ಹೆಜ್ಜೆ ಕಿತ್ತು ಇನ್ನೊಂದು ಇಡುವಾಗ ನೆಲ ಚಪ್ಪರಿಸುವ ಸದ್ದಾಗುತ್ತಿತ್ತು. ಶಿವಶಿವಾ ಎನ್ನಲೂ ಹೆದರಿಕೆ, ಉಸಿರು ತಾಕಿದರೆ ಎಂದು.

ಬಾಗಿಲಿಗೆ ಬಂದೆವು. ನಾನು ಕಣ್ಣು ಮುಚ್ಚಿದೆ. ಅತ್ತೆ ಬಗ್ಗಲಿಲ್ಲ. ಬಗ್ಗಬೇಕಾಗಲಿಲ್ಲ. ನೆಲ ಅಷ್ಟು ಇಳಿದಿತ್ತು, ಬಾಗಿಲು ಅಷ್ಟು ಎತ್ತರವಾಗಿತ್ತು. ದೀಪ ಚೌಕಟ್ಟಿನ ಮೇಲಿನ ಪಟ್ಟಿಯ ಅಡಿಯಲ್ಲಿ, ಬೆರಳಿನಷ್ಟು ಸಂದಿಯಲ್ಲಿ, ಸೀದಾ ದಾಟಿತು. ನುಂಗಲು ಬಂದ ನೆಲವೇ ಹಾದಿ ಬಿಟ್ಟಿತ್ತು. ರಾಚಪ್ಪ ಈಚೆಯಿಂದ ಅವ್ವನ ನಡುವಿಗೆ ಕೈಕೊಟ್ಟು ಹೊಸ್ತಿಲ ಮೇಲೆ ಎತ್ತಿಕೊಂಡ, ತಾನು ಎಣ್ಣೆ ನೋಡಿಕೊಳ್ಳಲು ಅಲ್ಲೇ ಉಳಿದ.

ಓಣಿಯಲ್ಲಿ ಒಂದು ಒಲೆಯೂ ಉರಿಯುತ್ತಿರಲಿಲ್ಲ. ಜನ ಬಾಗಿಲಿಗೆ ನಿಂತು ನೋಡಿದರು, ಯಾರೂ ಕೆಮ್ಮಲಿಲ್ಲ. ಗಾಳಿ ಇಲ್ಲದ್ದರಿಂದ ಕುಡಿ ಬರೆದಿಟ್ಟ ಹಾಗೆ ನೆಟ್ಟಗಿತ್ತು. ಸೆರಗು ಮರೆ ಮಾಡಬೇಕಾಗಲಿಲ್ಲ. ಇಷ್ಟು ದಿನ ಶಪಿಸಿದ ಹವೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಹೂತುಹೋದ ಮನೆಗಳ ಅಂಚಿನ ಪಕ್ಕದಲ್ಲಿ ನಡೆದೆವು. ಆ ಬೆಳಕಿಂಡಿಯ ಬಾಯಿಯೊಳಗೆ ದೀಪದ ಬೆಳಕು ಒಮ್ಮೆ ಇಳಿದು ಬಂತು. ನಾನು ಆ ಕಡೆ ನೋಡಲಿಲ್ಲ.

ಮಾಳವ್ವ ತಾಟು ತೊಳೆಯುತ್ತಿದ್ದಳು. ಹೊತ್ತು ಮುಳುಗುವುದರಲ್ಲಿತ್ತು. ಹೊಸ್ತಿಲಲ್ಲಿ ನಮ್ಮನ್ನು ನೋಡಿ, ಒದ್ದೆಕೈಯನ್ನು ಸೀರೆಗೆ ಒರೆಸಿಕೊಂಡು, ಒಳಗೆ ನಡೆದಳು. ಅವಳ ಗೂಡು ಅಂದೇ ಸಾರಿಸಿದಂತೆ ಹಸಿಯಾಗಿತ್ತು. ದಿನವೂ ಹಾಗೆಯೇ ಸಾರಿಸಿಡುತ್ತಿದ್ದಳೆಂದು ಕಾಣುತ್ತದೆ. ಅತ್ತೆ ದೀಪವನ್ನು ಅವಳ ಕೈಗೆ ಕೊಟ್ಟರು. ಮಾಳವ್ವ ಅದನ್ನು ಗೂಡಿನಲ್ಲಿಟ್ಟಳು. ಮನೆಯ ಮೂಲೆಗಳು ಕಾಣಿಸಿದವು: ಒಂದು ಕಂಬಳಿ, ಒಂದು ಮಡಕೆ, ಅರ್ಧ ಗೋಡೆ.

ಅಷ್ಟರಲ್ಲಿ ಓಣಿಯ ತುದಿಯಿಂದ ರಾಚಪ್ಪನ ಕೂಗು ಕೇಳಿಸಿತು. “ಯವ್ವಾ, ಇಂಗಾಕತ್ತೈತಿ! ಎಣ್ಣಿ ಇಂಗಾಕತ್ತೈತಿ!” ಅದರ ಹಿಂದೆಯೇ ಬೇವಿನ ಮರ ಸಣ್ಣಗೆ ಅಲುಗಿದ ಸದ್ದು.

ಅತ್ತೆ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ದೀಪ ಎತ್ತಿ ತಂದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಯ ಮುಂದೆ ಹಿಡಿದುಕೊಂಡೇ ನಿಂತಿದ್ದರು. ಹೋಗಬೇಕಾದದ್ದು ಬರಿದಾದ ಗೂಡಿನ ಮನೆಗೆ.

ಮಾಳವ್ವ ಮೂಲೆಯಿಂದ ಒಂದು ಮಣ್ಣಿನ ಪಣತಿ ತಂದಳು. ದೀಪವನ್ನು ಒಂದಿಷ್ಟು ವಾಲಿಸಿ, ಅದರಲ್ಲಿ ಉಳಿದಿದ್ದ ನಮ್ಮ ಹಿತ್ತಲ ಎಣ್ಣೆಯನ್ನು ಹನಿಯೂ ಬಿಡದೆ ಪಣತಿಗೆ ಬಸಿದಳು. ಆರುವ ಮೊದಲೇ ತನ್ನ ಎಣ್ಣೆಯನ್ನು ದೀಪಕ್ಕೆ ಹಾಕಿದಳು. ಆಮೇಲೆ ಸೆರಗಿನ ಅಂಚು ಹರಿದು, ಹೊಸೆದು, ಬತ್ತಿ ಮಾಡಿ, ದೊಡ್ಡ ಕುಡಿಗೆ ತಾಕಿಸಿ ಹಚ್ಚಿದಳು. ಹಿಂದೆ ಅದರೊಳಗೆ ಕೂಡಿಸಿದ್ದ ನಮ್ಮ ಬೆಳಕು, ನಮ್ಮ ಎಣ್ಣೆಯಲ್ಲಿ, ಸಣ್ಣಗೆ ಕುಳಿತುಕೊಂಡಿತು.

ಹೊರಗೆ ಗಾಳಿ ಬರುತ್ತಿತ್ತು. ಮಾಳವ್ವ ಒಂದು ಅಂಗೈ ಮರೆ ಮಾಡಿ, ಇನ್ನೊಂದು ಕೈಯಿಂದ ಅದನ್ನು ಅತ್ತೆಯ ಖಾಲಿ ಕೈಗಳಲ್ಲಿ ಇಟ್ಟಳು.

“ಹಿಡಿ,” ಎಂದಳು.